ಮೂರು ಹಾಜರಿ ತಪ್ಪಿದ್ದಕ್ಕೆ 13 ದಿನ ಜೈಲು: ಪ್ರೊಬೇಷನ್ ಷರತ್ತು ಮುರಿದರೆ ಕೋರ್ಟು ಮೊದಲು ಏನು ಮಾಡಬೇಕು?

ವಾಘೋಲಿ ಖಾನಾವಳಿ · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಪುಣೆಯ ವಾಘೋಲಿಯಲ್ಲಿ 16 ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ಊರು ಇಂಡಿ ತಾಲೂಕು. ಕಟ್ಟಡ ಕೆಲಸಕ್ಕೆ ಬರುವ ನಮ್ಮ ಕಡೆಯ ಹುಡುಗರು ಜೋಳದ ರೊಟ್ಟಿ ಸಿಗುತ್ತದೆ ಅಂತ ನಮ್ಮಲ್ಲಿಗೆ ಬರುತ್ತಾರೆ. ಅವರಲ್ಲಿ ಒಬ್ಬ ಸೈಟಿನಿಂದ ಆರು ಸೆಂಟ್ರಿಂಗ್ ಪ್ಲೇಟು (ಕಾಂಕ್ರೀಟ್ ಹಾಕುವಾಗ ಕಟ್ಟುವ ಕಬ್ಬಿಣದ ಹಲಗೆ) ಕದ್ದು ಗುಜರಿ ಅಂಗಡಿಗೆ ಹಾಕಿದ. ಆಗ ಅವನಿಗೆ 20 ವರ್ಷ. ಸಿಕ್ಕಿಬಿದ್ದ, ಕೋರ್ಟಿನಲ್ಲಿ ಒಪ್ಪಿಕೊಂಡ. ಮೊದಲ ತಪ್ಪು, ಚಿಕ್ಕ ವಯಸ್ಸು ಅಂತ ಕೋರ್ಟು ಜೈಲಿಗೆ ಕಳಿಸದೆ ಎರಡು ವರ್ಷದ ಪ್ರೊಬೇಷನ್ ಕೊಟ್ಟಿತು. ಮುಚ್ಚಳಿಕೆಗೆ ನಾನೇ ಜಾಮೀನು ನಿಂತೆ.

ತಿಂಗಳಿಗೊಮ್ಮೆ ಪ್ರೊಬೇಷನ್ ಅಧಿಕಾರಿಯ ಹತ್ತಿರ ಹಾಜರಿ ಹಾಕಬೇಕು. ಹೇಳದೆ ವಿಳಾಸ ಬದಲಿಸಬಾರದು. ಮತ್ತೆ ಯಾವ ತಪ್ಪೂ ಮಾಡಬಾರದು. ಇಷ್ಟು ಷರತ್ತು. ಒಂಬತ್ತು ತಿಂಗಳು ಸರಿಯಾಗಿ ಹೋದ. ಆಮೇಲೆ ವಾಘೋಲಿಯ ಸೈಟು ಮುಗಿಯಿತು. ಮುಕಾದಮ (ಕೂಲಿಯವರ ಮೇಸ್ತ್ರಿ) ಎಲ್ಲರನ್ನೂ ಚಾಕಣಕ್ಕೆ ಕರೆದುಕೊಂಡು ಹೋದ. ಅದೇ ತಿಂಗಳು ಹುಡುಗನ ತಾಯಿಗೆ ಸೊಲ್ಲಾಪುರದಲ್ಲಿ ಆಪರೇಷನ್ ಆಯಿತು. ಆ ಹಾಜರಿ ತಪ್ಪಿತು. ಮುಂದಿನ ಎರಡು ಹಾಜರಿ ಕೆಲಸದ ದಿನ ಬಂದವು. ರಜೆ ಕೇಳಿದರೆ ಮುಕಾದಮ ಕೊಡಲಿಲ್ಲ. ಒಂದು ಸಲ ತಪ್ಪಿದ ಮೇಲೆ ಹೋಗಲು ಹೆದರಿಕೆಯೂ ಆಯಿತು ಅಂತ ಅವನೇ ಹೇಳಿದ.

ವರದಿ ಕೋರ್ಟಿಗೆ ಹೋಯಿತು. ಸಮನ್ಸು ವಾಘೋಲಿಯ ಹಳೆಯ ಲೇಬರ್ ಕ್ಯಾಂಪಿಗೆ ಬಂತು. ಅಲ್ಲಿ ತಗಡಿನ ಶೆಡ್ಡೇ ಇರಲಿಲ್ಲ, ಬಿಚ್ಚಿ ಒಯ್ದಿದ್ದರು. ಸಮನ್ಸು ವಾಪಸು ಹೋಯಿತು, ವಾರಂಟು ಬಂತು. ಒಂದು ಬೆಳಿಗ್ಗೆ ಚಾಕಣದಲ್ಲಿ ಹಿಡಿದರು. ವಿಚಾರಣೆ ಆಗುವ ತನಕ 13 ದಿನ ಒಳಗೆ ಇದ್ದ.

ವಿಚಾರಣೆಯ ದಿನ ನಾನು ಆಸ್ಪತ್ರೆಯ ಕಾಗದ ಒಯ್ದಿದ್ದೆ. ನ್ಯಾಯಾಧೀಶರು ಎಲ್ಲವನ್ನೂ ಓದಿದರು, ತಾಳ್ಮೆಯಿಂದ ಕೇಳಿದರು. 50 ರೂಪಾಯಿ ದಂಡ ಹಾಕಿದರು. ಪ್ರೊಬೇಷನ್ ಮುಂದುವರಿಯಲಿ ಅಂದರು.

50 ರೂಪಾಯಿ! ನನ್ನ ಖಾನಾವಳಿಯಲ್ಲಿ ಒಂದು ಊಟ ಅದಕ್ಕಿಂತ ಜಾಸ್ತಿ. ಅಂದರೆ ತಪ್ಪು ಅಷ್ಟೇ ದೊಡ್ಡದು ಅಂತ ಕೋರ್ಟೇ ಹೇಳಿತು. ಆದರೆ ಆ ಮಾತು ಕೇಳುವುದಕ್ಕೆ ಹುಡುಗ 13 ದಿನ ಒಳಗೆ ಕೂರಬೇಕಾಯಿತು. ಪಗಾರ ಹೋಯಿತು, ಕೆಲಸ ಹೋಯಿತು, ಮುಕಾದಮನ ಅಡ್ವಾನ್ಸು ತಲೆಯ ಮೇಲೆ ಉಳಿಯಿತು.

ನನ್ನ ಫೋನ್ ನಂಬರು ಆ ಮುಚ್ಚಳಿಕೆಯ ಮೇಲೆ ಇತ್ತು. ಮೂರು ತಿಂಗಳಲ್ಲಿ ಒಬ್ಬರೂ ನನಗೆ ಫೋನ್ ಮಾಡಿ "ನಿಮ್ಮ ಹುಡುಗ ಎಲ್ಲಿ?" ಅಂತ ಕೇಳಲಿಲ್ಲ. ಕೇಳಿದ್ದರೆ ಮರುದಿನವೇ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದೆ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಅಧಿಕಾರಿಯ ಮೇಜಿನ ಮೇಲೆ ಎಷ್ಟು ಫೈಲು ಇದ್ದವು ಅಂತ ಕಣ್ಣಾರೆ ನೋಡಿದ್ದೇನೆ. ಆದರೆ ಈ ಪದ್ಧತಿ ಬದಲಾಗಬೇಕು. ಹೇಗೆ ಅಂತ ತಿಳಿದವರು ಹೇಳಿ.

ಪಿಂಪ್ರಿ ಫಿಟ್ಟರ್ · ಶನಿವಾರ ರಾತ್ರಿ 11:05

ಓದಿ ಮನಸ್ಸಿಗೆ ತುಂಬಾ ಬೇಜಾರಾಯಿತು ಕಾಕಾ. ಒಂದು ಸಂಶಯ. ಪ್ರೊಬೇಷನ್ ಅಂದರೆ ನೌಕರಿಗೆ ಸೇರಿದಾಗ ಇರುವುದಲ್ವಾ? ಇದು ಜಾಮೀನಿನ ಹಾಗೆಯಾ?

ಶಿವಾಜಿನಗರ ವಕೀಲ · ಭಾನುವಾರ ಬೆಳಿಗ್ಗೆ 7:30

ಫಿಟ್ಟರ್ ಅವರೇ, ಎರಡೂ ಬೇರೆ. ಜಾಮೀನು ಕೇಸು ನಡೆಯುವಾಗ ಸಿಗುವುದು. ಪ್ರೊಬೇಷನ್ ತಪ್ಪು ಸಾಬೀತಾದ ಮೇಲೆ ಸಿಗುವುದು. "ನೀನು ತಪ್ಪಿತಸ್ಥ, ಆದರೆ ಈಗಲೇ ಶಿಕ್ಷೆ ಕೊಡುವುದಿಲ್ಲ. ಇಷ್ಟು ಕಾಲ ನೆಟ್ಟಗೆ ಇದ್ದು ತೋರಿಸು" ಅಂತ ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದಕ್ಕೆ ಆಧಾರ. ಮುಂಬೈ ಪ್ರಾಂತದಲ್ಲಿ ಅದಕ್ಕಿಂತ 20 ವರ್ಷ ಮೊದಲೇ, 1938ರಲ್ಲಿ, ಇಂಥ ಕಾಯ್ದೆ ಆಗಿತ್ತು. ಆಗ ನಮ್ಮ ವಿಜಯಪುರ, ಧಾರವಾಡ, ಬೆಳಗಾವಿ ಎಲ್ಲ ಮುಂಬೈ ಪ್ರಾಂತದಲ್ಲೇ ಇದ್ದವು.

ಈಗ ಕಾಕಾ ಕೇಳಿದ್ದಕ್ಕೆ ಬರುತ್ತೇನೆ. ಷರತ್ತು ಮುರಿದರೆ ಏನು ಅಂತ ಕಲಂ 9 ಹೇಳುತ್ತದೆ. ಅಧಿಕಾರಿಯ ವರದಿ ಬಂದರೆ ಕೋರ್ಟು ವಾರಂಟು ಕಳಿಸಬಹುದು, ಇಲ್ಲವೇ ಸಮನ್ಸು ಕಳಿಸಬಹುದು. ಬಂದವನನ್ನು ವಿಚಾರಣೆ ಮುಗಿಯುವ ತನಕ ಒಳಗೆ ಇಡಬಹುದು, ಇಲ್ಲವೇ ಜಾಮೀನು ಕೊಡಬಹುದು. ಷರತ್ತು ಮುರಿದದ್ದು ನಿಜ ಅನ್ನಿಸಿದರೆ ಮುಂದೆ ಎರಡೇ ದಾರಿ. ಮೂಲ ಅಪರಾಧಕ್ಕೆ ಶಿಕ್ಷೆ ಕೊಡುವುದು. ಅಥವಾ, ಇದು ಮೊದಲ ಸಲ ಆಗಿದ್ದರೆ, 50 ರೂಪಾಯಿ ಮೀರದ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸುವುದು. ದಂಡ ಕಟ್ಟದಿದ್ದರೆ ಮತ್ತೆ ಮೂಲ ಶಿಕ್ಷೆಯೇ.

1958ರಲ್ಲಿ ಬರೆದ ಆ 50 ರೂಪಾಯಿ ಇವತ್ತಿಗೂ 50 ರೂಪಾಯಿಯೇ. ನನಗೆ ಅದಕ್ಕಿಂತ ದೊಡ್ಡ ಚಿಂತೆ ನಡುವೆ ಮೆಟ್ಟಿಲೇ ಇಲ್ಲ ಅನ್ನುವುದು. ಕೆಳಗೆ 50 ರೂಪಾಯಿ, ಮೇಲೆ ಮೂಲ ಶಿಕ್ಷೆ. ಕಳ್ಳತನಕ್ಕೆ ಅದು ಮೂರು ವರ್ಷದ ತನಕ ಹೋಗಬಹುದು. ಎರಡನೇ ಸಲ ತಪ್ಪಿದರೆ ಆ 50 ರೂಪಾಯಿಯ ಮೆಟ್ಟಿಲೂ ಇಲ್ಲ. ಒಬ್ಬ ಒಳ್ಳೆಯ ನ್ಯಾಯಾಧೀಶರಿಗೂ ಕೈ ಕಟ್ಟಿ ಹಾಕಿದಂತೆ ಆಗುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪ್ರೊಬೇಷನ್ ಸಿಕ್ಕವನಿಗೆ ಆ ತೀರ್ಪಿನಿಂದ ಅನರ್ಹತೆ ಅಂಟಬಾರದು ಅಂತ ಕಲಂ 12 ಇದೆ. ಮುಂದೆ ಮೂಲ ಅಪರಾಧಕ್ಕೆ ಶಿಕ್ಷೆ ಆಗಿಬಿಟ್ಟರೆ ಆ ರಕ್ಷಣೆಯೂ ಹೋಗುತ್ತದೆ. ಹಾಗಾಗಿ ಹಾಜರಿ ತಪ್ಪುವುದು ಬರೀ ಹಾಜರಿಯ ಮಾತಲ್ಲ.

ಹಡಪ್ಸರ್ ಅಂಗಡಿ · ಭಾನುವಾರ ಬೆಳಿಗ್ಗೆ 9:15

ನಾನು ಬೇರೆ ಮಾತು ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಮೂರು ವರ್ಷದ ಹಿಂದೆ ನನ್ನ ಮೊಬೈಲ್ ಅಂಗಡಿಯ ಶಟರ್ ಎತ್ತಿ ಕಳ್ಳತನ ಮಾಡಿದರು. ಹಿಡಿದದ್ದು ಇಬ್ಬರನ್ನು. ಒಬ್ಬ ಜಾಮೀನಿನ ಮೇಲೆ ಹೊರಗೆ ಬಂದ, ಆಮೇಲೆ ತಾರೀಖಿಗೆ ಬರುವುದನ್ನೇ ಬಿಟ್ಟ. ನಾನು ಅಂಗಡಿ ಮುಚ್ಚಿ ಸಾಕ್ಷಿಗೆ ಹೋಗುತ್ತೇನೆ. "ಆರೋಪಿ ಗೈರುಹಾಜರು, ಮುಂದಿನ ತಾರೀಖು" ಅನ್ನುತ್ತಾರೆ. ಐದು ಸಲ ಹೀಗೆ ಆಗಿದೆ. ಹೋದ ಮಾಲಿನ ಸಾಲ ಈಗಲೂ ಕಟ್ಟುತ್ತಿದ್ದೇನೆ.

ಷರತ್ತು ಅಂದರೆ ಷರತ್ತು. ಅದಕ್ಕೂ ಕಾರಣ ಕೇಳುತ್ತಾ ಕುಳಿತರೆ ಯಾರೂ ಪಾಲಿಸುವುದಿಲ್ಲ. 2024ರ ಮೇ ತಿಂಗಳಲ್ಲಿ ನಮ್ಮ ಊರಲ್ಲೇ ಏನಾಯಿತು ನೆನಪಿದೆ ಅಲ್ವಾ? ಕಲ್ಯಾಣಿನಗರದಲ್ಲಿ ಕಾರು ಹೊಡೆದು ಇಬ್ಬರು ಎಂಜಿನಿಯರುಗಳು ಸತ್ತರು. ಕಾರು ಓಡಿಸಿದ 17 ವರ್ಷದ ಹುಡುಗನಿಗೆ 300 ಪದದ ಪ್ರಬಂಧ ಬರೆ ಅಂತ ಷರತ್ತು ಹಾಕಿ ಜಾಮೀನು ಕೊಟ್ಟರು. ಇಡೀ ಪುಣೆ ಕುದಿಯಿತು. ಜನಕ್ಕೆ ಕೋರ್ಟಿನ ಮೇಲೆ ನಂಬಿಕೆ ಉಳಿಯಬೇಕಾದರೆ ಷರತ್ತಿಗೆ ತೂಕ ಇರಬೇಕು.

ವಾಘೋಲಿ ಖಾನಾವಳಿ · ಭಾನುವಾರ ಬೆಳಿಗ್ಗೆ 11:50

ಅಂಗಡಿ ಅಣ್ಣಾ, ನಿಮ್ಮ ನಷ್ಟ ಸಣ್ಣದಲ್ಲ. ನಾನೂ ಗಲ್ಲೆಯ ಮೇಲೆ ಕೂರುವವನು, ಐದು ದಿನ ಅಂಗಡಿ ಮುಚ್ಚುವುದು ಅಂದರೆ ಏನು ಅಂತ ಗೊತ್ತು. ನಿಮ್ಮ ಕೇಸಿನವನ ಮೇಲೆ ವಾರಂಟು ಹೋಗಲೇಬೇಕು, ನಾನು ಬೇಡ ಅನ್ನುವುದಿಲ್ಲ.

ಆದರೆ ಅವನು ಓಡಿಹೋದವನು. ನಮ್ಮ ಹುಡುಗ ದಿನಾ ಬೆಳಿಗ್ಗೆ ಎಂಟಕ್ಕೆ ಒಂದೇ ಸೈಟಿನಲ್ಲಿ ಪ್ಲೇಟು ಕಟ್ಟುತ್ತಿದ್ದವನು. ಹೊಸ ತಪ್ಪು ಮಾಡಲಿಲ್ಲ, ತಲೆಮರೆಸಿಕೊಳ್ಳಲಿಲ್ಲ. ಇಬ್ಬರನ್ನೂ ಒಂದೇ ಕಾಗದದಿಂದ ಹಿಡಿಯುವುದು ಸರಿಯಾ? ನಾನು ಕೇಳುತ್ತಿರುವುದು ಇಷ್ಟೇ: ವಾರಂಟಿಗೆ ಮೊದಲು "ಯಾಕೆ ಬರಲಿಲ್ಲ" ಅಂತ ಒಂದು ಸಲ ಕೇಳಲಿ. ಉತ್ತರ ಕೇಳಿದ ಮೇಲೆ ಬೇಕಾದ್ದು ಮಾಡಲಿ.

ಶಿವಾಜಿನಗರ ವಕೀಲ · ಭಾನುವಾರ ಮಧ್ಯಾಹ್ನ 12:20

ಪ್ರಬಂಧದ ವಿಷಯ ಬಂತಲ್ಲ, ಅದಕ್ಕೆ ಒಂದು ಮಾತು. ಅಲ್ಲಿ ಜನ ಕೇಳಿದ್ದು ಷರತ್ತಿಗೂ ತಪ್ಪಿಗೂ ಹೊಂದಾಣಿಕೆ ಎಲ್ಲಿದೆ ಅಂತ. ಆಮೇಲೆ ಬಾಲನ್ಯಾಯ ಮಂಡಳಿ ಆ ಹುಡುಗನನ್ನು ಅಪ್ರಾಪ್ತರನ್ನು ಇಡುವ ವೀಕ್ಷಣಾಲಯಕ್ಕೆ ಕಳಿಸಿತು. ಜೂನ್ ತಿಂಗಳಲ್ಲಿ ಮುಂಬೈ ಹೈಕೋರ್ಟು ಅವನನ್ನು ಅಲ್ಲಿಂದ ಬಿಡಿಸಿತು, ಹಾಗೆ ಇಟ್ಟದ್ದೇ ಕಾನೂನಿಗೆ ವಿರುದ್ಧ ಅಂತ. ಜನರ ಸಿಟ್ಟು ಎಷ್ಟೇ ಇರಲಿ, ಕ್ರಮ ಬಿಟ್ಟು ಒಳಗೆ ಹಾಕುವ ಹಾಗಿಲ್ಲ. ಅಲ್ಲಿ ದೊಡ್ಡ ವಕೀಲರು ಇದ್ದರು, ಆ ಮಾತು ಹೈಕೋರ್ಟಿನ ತನಕ ಹೋಯಿತು. ಸೆಂಟ್ರಿಂಗ್ ಹುಡುಗನ 13 ದಿನವನ್ನು ಯಾರು ಹೈಕೋರ್ಟಿಗೆ ಒಯ್ಯುತ್ತಾರೆ?

ವಾಸ್ಕೋ ಟೆಂಪೊ · ಭಾನುವಾರ ಮಧ್ಯಾಹ್ನ 2:10

ಗೋವಾದಿಂದ ಬರೆಯುತ್ತಿದ್ದೇನೆ. ಝುವಾರಿ ನಗರದಲ್ಲಿ ಇದ್ದೇನೆ, ಊರು ಬಾದಾಮಿ ಕಡೆ. ನನ್ನ ತಮ್ಮನ ಮೇಲೆ ಹೊಡೆದಾಟದ ಕೇಸು. ಪ್ರತಿ ಸೋಮವಾರ ಬೆಳಿಗ್ಗೆ 10ಕ್ಕೆ ಠಾಣೆಯಲ್ಲಿ ಸಹಿ ಹಾಕಬೇಕು ಅಂತ ಜಾಮೀನಿನ ಷರತ್ತು. 10ಕ್ಕೆ ಹೋದರೆ ಸಾಹೇಬರು ಬಂದೋಬಸ್ತಿಗೆ ಹೋಗಿರುತ್ತಾರೆ. 12ರ ತನಕ ಕೂರಬೇಕು. ಅಲ್ಲಿಗೆ ಆ ದಿನದ ಪಗಾರ ಹೋಯಿತು. ವರ್ಷಕ್ಕೆ 52 ಸೋಮವಾರ. ಒಂದು ವರ್ಷ ಏಳು ತಿಂಗಳು ಆಯಿತು, ಒಂದೇ ಒಂದು ಸಲ ತಪ್ಪಿತು, ಅದೂ ಊರಲ್ಲಿ ಅಜ್ಜಿ ತೀರಿಕೊಂಡಾಗ. ಅದಕ್ಕೆ ಜಾಮೀನು ರದ್ದು ಮಾಡಿ ಅಂತ ಅರ್ಜಿ ಹಾಕಿದರು. ವಕೀಲರಿಗೆ ಮತ್ತೆ ದುಡ್ಡು. ರದ್ದಾಗಲಿಲ್ಲ, ದೇವರ ದಯೆ.

ನಮ್ಮಂಥವರಿಗೆ ಷರತ್ತು ಪಾಲಿಸುವುದಕ್ಕೂ ದುಡ್ಡು ಬೇಕು ಅಂತ ಕೋರ್ಟಿಗೆ ಯಾರು ಹೇಳಬೇಕು?

ಡೊಂಬಿವಲಿ ಅಕ್ಕ · ಭಾನುವಾರ ಸಂಜೆ 4:45

ತಮ್ಮಾ, ನೀನು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಮುಂಬೈಯಲ್ಲಿ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡಿದವಳು, ಈಗ ನಿವೃತ್ತಿ. ಹೋಟೆಲಿನಲ್ಲಿ ತಟ್ಟೆ ತೊಳೆದು ಬಂದು ಪುಸ್ತಕ ತೆಗೆಯುವ ಹುಡುಗರನ್ನು ನೋಡುತ್ತಾ ಮುದುಕಿಯಾದೆ. ಅವರಲ್ಲಿ ಇಬ್ಬರು ಮೂವರು ಇಂಥ ಕೇಸಿನಲ್ಲಿ ಸಿಕ್ಕಿಕೊಂಡಾಗ ನಾನೇ ಕೋರ್ಟಿಗೆ ಓಡಾಡಿದ್ದೇನೆ.

ಒಂದು ವಿಷಯ ಯಾರೂ ಎತ್ತಲಿಲ್ಲ. ಆ ಮುಚ್ಚಳಿಕೆ ಯಾವ ಭಾಷೆಯಲ್ಲಿ ಇತ್ತು? ಇಲ್ಲಿಯ ಕೆಳಗಿನ ಕೋರ್ಟುಗಳ ಭಾಷೆ ಮರಾಠಿ. ನಮ್ಮ ಹುಡುಗರು ಸಂತೆಯ ಮರಾಠಿ ಮಾತಾಡುತ್ತಾರೆ, ಮುಕಾದಮನ ಜೊತೆ ಜಗಳವನ್ನೂ ಆಡುತ್ತಾರೆ. ಆದರೆ ಕೋರ್ಟಿನ ಮರಾಠಿ ಓದಲು ಬರುವುದಿಲ್ಲ. ನನ್ನ ಒಬ್ಬ ಹುಡುಗ "ಸಹಿ ಮಾಡು ಅಂದರು, ಮಾಡಿದೆ ಟೀಚರ್" ಅಂದ. ಒಂದು ವರ್ಷ ಹಾಜರಿ ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಎಲ್ಲರೂ ಅವನನ್ನು ಬೇಜವಾಬ್ದಾರಿ ಅಂದರು.

ಮೊದಲು ಅರ್ಥ ಮಾಡಿಸಲಿ. ಆಮೇಲೆ ಮುರಿದ ಅನ್ನಲಿ.

ಶಿವಾಜಿನಗರ ವಕೀಲ · ಭಾನುವಾರ ಸಂಜೆ 5:30

ಅಕ್ಕಾ, ನೀವು ಹೇಳಿದ್ದು ಕಾಯ್ದೆಯಲ್ಲೇ ಇದೆ! ಕಲಂ 4ರ 5ನೇ ಉಪಕಲಂ. ಮೇಲ್ವಿಚಾರಣೆಯ ಆದೇಶ ಕೊಡುವ ಕೋರ್ಟು ಷರತ್ತುಗಳನ್ನು ಅಪರಾಧಿಗೆ ವಿವರಿಸಿ ಹೇಳಬೇಕು. ಆದೇಶದ ಒಂದೊಂದು ಪ್ರತಿ ಅವನಿಗೆ, ಜಾಮೀನುದಾರನಿಗೆ, ಅಧಿಕಾರಿಗೆ ಕೂಡಲೇ ಕೊಡಬೇಕು. ವಿವರಿಸುವುದು ಅಂದರೆ ತಿಳಿಯುವ ಭಾಷೆಯಲ್ಲಿ ಹೇಳುವುದೇ ಅಲ್ವಾ? ಕನ್ನಡ ಬಲ್ಲವರನ್ನು ಕರೆಸಿ ಓದಿ ಹೇಳಿಸಿ ಅಂತ ವಕೀಲರು ಅವತ್ತೇ ಕೇಳಬಹುದು. ನಾವು ಕೇಳುವುದಿಲ್ಲ. ಇದರಲ್ಲಿ ನಮ್ಮ ವಕೀಲರ ತಪ್ಪೂ ಇದೆ, ಒಪ್ಪುತ್ತೇನೆ.

ಕಾಕಾ ಹೇಳಿದ ಫೋನಿನ ವಿಷಯಕ್ಕೂ ಆಧಾರ ಇದೆ. ಕಲಂ 9ರಲ್ಲಿ ಸಮನ್ಸು ಅವನಿಗೆ ಮತ್ತು ಅವನ ಜಾಮೀನುದಾರರಿಗೆ ಅಂತಲೇ ಬರೆದಿದೆ. ಜಾಮೀನುದಾರನ ಕೈಗೆ ಒಂದು ಸಮನ್ಸು ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಲಂ 8ರಲ್ಲಿ ಇನ್ನೊಂದು ದಾರಿ ಇದೆ. ಅಧಿಕಾರಿ ಅರ್ಜಿ ಕೊಟ್ಟರೆ ಕೋರ್ಟು ಷರತ್ತನ್ನೇ ಬದಲಿಸಬಹುದು. ವಿಳಾಸ ಬದಲಾಯಿತು, ಹಾಜರಿಯ ದಿನ ಹೊಂದುತ್ತಿಲ್ಲ ಅಂದಾಗ ಮೊದಲು ನೋಡಬೇಕಾದ ಕಲಂ ಅದು. ಕಲಂ 14 ಓದಿದರೆ ಅಧಿಕಾರಿಯ ಕೆಲಸ ಕಾವಲು ಕಾಯುವುದಷ್ಟೇ ಅಲ್ಲ ಅಂತ ಗೊತ್ತಾಗುತ್ತದೆ. ಕೆಲಸ ಹುಡುಕಿಕೊಳ್ಳಲು ನೆರವಾಗುವುದೂ ಅದರಲ್ಲಿ ಇದೆ.

ವಾಸ್ಕೋ ತಮ್ಮಾ, ನಿನ್ನದು ಜಾಮೀನಿನ ಷರತ್ತು, ಬೇರೆ ಕಾನೂನು. ಅಲ್ಲೂ ಒಳ್ಳೆಯ ತೀರ್ಪುಗಳಿವೆ. 1978ರಲ್ಲಿ ಮೋತಿರಾಮ್ ಅನ್ನುವ ಗೌಂಡಿಯ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಮಧ್ಯಪ್ರದೇಶದವನು. 10,000 ರೂಪಾಯಿ ಜಾಮೀನು ಕೇಳಿದ್ದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿ ಇದೆ ಅಂತ ಅವನ ಜಾಮೀನನ್ನೂ ಒಪ್ಪಿರಲಿಲ್ಲ. ಅದು ತಪ್ಪು ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. 2024ರ ಜುಲೈನಲ್ಲಿ ಇನ್ನೊಂದು ತೀರ್ಪು ಬಂತು: ಆರೋಪಿ ಎಲ್ಲಿದ್ದಾನೆ ಅಂತ ಸದಾ ನೋಡುವ ಹಾಗೆ ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕು ಅಂತ ಷರತ್ತು ಹಾಕಬಾರದು. ಸೋಮವಾರದ ಹಾಜರಿಯನ್ನು ತಿಂಗಳಿಗೊಮ್ಮೆ ಮಾಡಿ ಅಂತ ನಿನ್ನ ತಮ್ಮ ಅರ್ಜಿ ಕೊಡಲಿ. ಒಂದೂವರೆ ವರ್ಷದಲ್ಲಿ ಒಂದೇ ಸಲ ತಪ್ಪಿದವನ ಅರ್ಜಿಗೆ ಬಲ ಇರುತ್ತದೆ.

ವಾಸ್ಕೋ ಟೆಂಪೊ · ಭಾನುವಾರ ಸಂಜೆ 5:42

ಸರ್, ಅರ್ಜಿ ಕೊಡಬಹುದು ಅಂತಲೇ ಗೊತ್ತಿರಲಿಲ್ಲ. ನಾಳೆಯೇ ಕೇಳುತ್ತೇನೆ.

ಕೋಥ್ರೂಡ್–ಫಿಲಡೆಲ್ಫಿಯಾ · ಭಾನುವಾರ ರಾತ್ರಿ 9:20

ನಾನು ಕೋಥ್ರೂಡ್‌ನಲ್ಲಿ ಬೆಳೆದವನು, ಈಗ ಅಮೆರಿಕದಲ್ಲಿ ಇದ್ದೇನೆ. ಇಲ್ಲಿ ಇದೇ ವಿಷಯ ಹತ್ತು ವರ್ಷದಿಂದ ದೊಡ್ಡ ಚರ್ಚೆ. ಹೊಸ ಅಪರಾಧ ಮಾಡದೆ ಬರೀ ಷರತ್ತು ತಪ್ಪುವುದಕ್ಕೆ ಇಲ್ಲಿ "ಟೆಕ್ನಿಕಲ್ ವಯಲೇಷನ್" ಅನ್ನುತ್ತಾರೆ. ಹಾಜರಿ ತಪ್ಪಿತು, ಫೀಸು ಕಟ್ಟಲಿಲ್ಲ, ಹೇಳದೆ ಊರು ಬಿಟ್ಟ, ಇಂಥವು. 2019ರಲ್ಲಿ ಬಂದ ಒಂದು ದೇಶವ್ಯಾಪಿ ವರದಿಯ ಪ್ರಕಾರ ರಾಜ್ಯಗಳ ಜೈಲಿಗೆ ಸೇರುವವರಲ್ಲಿ 45% ಜನ ಪ್ರೊಬೇಷನ್ ಅಥವಾ ಪರೋಲ್ (ಇಲ್ಲಿ ಅಂದರೆ ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುಗಡೆ) ಷರತ್ತು ಮುರಿದವರು. ಒಟ್ಟು ಸೇರುವವರಲ್ಲಿ ಸುಮಾರು ಕಾಲು ಭಾಗ ಬರೀ ಟೆಕ್ನಿಕಲ್. ಜೈಲು ತಪ್ಪಿಸಲು ಹುಟ್ಟಿದ ಪದ್ಧತಿಯೇ ಜೈಲು ತುಂಬಿಸತೊಡಗಿತು.

ನಮ್ಮ ಫಿಲಡೆಲ್ಫಿಯಾದ ಮೀಕ್ ಮಿಲ್ ಅನ್ನುವ ಹಾಡುಗಾರನ ಕೇಸಿನಿಂದ ಇದು ಮನೆಮಾತಾಯಿತು. 2008ರ ಬಂದೂಕು ಮತ್ತು ಡ್ರಗ್ಸ್ ಕೇಸು. ಹತ್ತು ವರ್ಷ ಹತ್ತಿರ ಬಂದರೂ ಪ್ರೊಬೇಷನ್ ಮುಗಿದಿರಲಿಲ್ಲ. 2017ರ ನವೆಂಬರಿನಲ್ಲಿ ಷರತ್ತು ಮುರಿದ ಅಂತ ಎರಡರಿಂದ ನಾಲ್ಕು ವರ್ಷ ಶಿಕ್ಷೆ ಕೊಟ್ಟರು. ನ್ಯೂಯಾರ್ಕಿನ ಬೀದಿಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ಓಡಿಸಿದ್ದೂ ಕಾರಣಗಳಲ್ಲಿ ಒಂದು. ಐದು ತಿಂಗಳ ಮೇಲೆ, 2018ರ ಏಪ್ರಿಲಿನಲ್ಲಿ, ರಾಜ್ಯದ ಸುಪ್ರೀಂ ಕೋರ್ಟು ಬಿಡಿಸಿತು. ಆ ಚರ್ಚೆ ಮುಂದುವರಿದು 2023ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹೊಸ ಕಾಯ್ದೆ ಆಯಿತು. ಬರೀ ಷರತ್ತು ತಪ್ಪಿದ್ದಕ್ಕೆ ಸಾಮಾನ್ಯವಾಗಿ ಮೊದಲ ಸಲ ಜಾಸ್ತಿ ಅಂದರೆ 14 ದಿನ, ಎರಡನೇ ಸಲ 30 ದಿನ. ವಕೀಲರು ಹೇಳಿದ ನಡುವಿನ ಮೆಟ್ಟಿಲು ಇದೇ.

ಪರೋಲಿನ ವಿಷಯದಲ್ಲಿ ನ್ಯೂಯಾರ್ಕ್ 2021ರಲ್ಲಿ ಇನ್ನೂ ಮುಂದೆ ಹೋಯಿತು. ಷರತ್ತು ತಪ್ಪಿದ ಕೂಡಲೇ ಹಿಡಿದು ಒಳಗೆ ಹಾಕುವ ಬದಲು ನೋಟಿಸ್ ಕೊಡುತ್ತಾರೆ. ಅವನು ಹೊರಗೆ ಕೆಲಸ ಮಾಡಿಕೊಂಡೇ ವಿಚಾರಣೆಗೆ ಬರುತ್ತಾನೆ.

ಖಾನಾವಳಿ ಕಾಕಾ, "ಯಾಕೆ ಅಂತ ಕೇಳಲಿ" ಅಂದಿರಲ್ಲ, ಇಲ್ಲಿಯ ಸುಪ್ರೀಂ ಕೋರ್ಟು ಅದನ್ನು 1983ರಲ್ಲೇ ಹೇಳಿದೆ. ಜಾರ್ಜಿಯಾ ರಾಜ್ಯದ ಒಬ್ಬ ಕೂಲಿ ಕಾರ್ಮಿಕ. ಓದುಬರಹ ಬಾರದು. ಕೆಲಸ ಹೋಗಿ ಬಾಕಿ ದಂಡ ಕಟ್ಟಲು ಆಗಲಿಲ್ಲ. ಪ್ರೊಬೇಷನ್ ರದ್ದು ಮಾಡಿ ಜೈಲಿಗೆ ಹಾಕಿದ್ದರು. ಯಾಕೆ ಕಟ್ಟಲಿಲ್ಲ ಅಂತ ವಿಚಾರಿಸದೆ ಹಾಗೆ ಮಾಡುವಂತಿಲ್ಲ ಅಂತ ಕೋರ್ಟು ಹೇಳಿತು.

ಹಡಪ್ಸರ್ ಅಂಗಡಿ · ಭಾನುವಾರ ರಾತ್ರಿ 9:50

ಅಮೆರಿಕದ ಲೆಕ್ಕ ನಮಗೆ ಹೇಗೆ ಹೊಂದುತ್ತದೆ? ಅಲ್ಲಿ ಎಲ್ಲದಕ್ಕೂ ಕಂಪ್ಯೂಟರ್ ಇದೆ, ಅಧಿಕಾರಿಗಳು ಇದ್ದಾರೆ. ಇಲ್ಲಿ ನೋಟಿಸ್ ಕೊಟ್ಟರೆ ಹೋಗಿ ಸೇರುವುದೇ ಇಲ್ಲ. ಭಯ ಇದ್ದರೆ ಮಾತ್ರ ಜನ ಬರುತ್ತಾರೆ ಅನ್ನುವುದು ನನ್ನ ಅನುಭವ.

ಕೋಥ್ರೂಡ್–ಫಿಲಡೆಲ್ಫಿಯಾ · ಭಾನುವಾರ ರಾತ್ರಿ 10:30

ನ್ಯಾಯವಾದ ಪ್ರಶ್ನೆ. ಭಯವನ್ನು ಇಲ್ಲಿಯೂ ಪ್ರಯೋಗ ಮಾಡಿ ನೋಡಿದ್ದಾರೆ. ಹವಾಯಿಯಲ್ಲಿ 2004ರಲ್ಲಿ ಸ್ಟೀವನ್ ಆಮ್ ಅನ್ನುವ ನ್ಯಾಯಾಧೀಶರು ಒಂದು ಪದ್ಧತಿ ಶುರು ಮಾಡಿದರು. ಷರತ್ತು ತಪ್ಪಿದರೆ ಕೂಡಲೇ ಶಿಕ್ಷೆ, ಆದರೆ ಕೆಲವೇ ದಿನ. ಯಾರು ತಪ್ಪಿದರೂ ತಪ್ಪದೆ ಶಿಕ್ಷೆ. ಅಲ್ಲಿ ಚೆನ್ನಾಗಿ ನಡೆಯಿತು ಅಂತ ಬಹಳ ಹೆಸರಾಯಿತು. ಆಮೇಲೆ ಬೇರೆ ನಾಲ್ಕು ಕಡೆ ಅದನ್ನೇ ಮಾಡಿ ನೋಡಿದರು. 2016ರಲ್ಲಿ ಫಲಿತಾಂಶ ಬಂದಾಗ ಹಳೆಯ ಪದ್ಧತಿಗಿಂತ ಒಟ್ಟಾರೆ ಮೇಲಾಗಿ ಕಾಣಲಿಲ್ಲ.

ಇದರ ಎದುರಿಗೆ ಬಹಳ ಸಣ್ಣ ಕೆಲಸ ಒಂದು. ನ್ಯೂಯಾರ್ಕ್ ನಗರದಲ್ಲಿ ಸಣ್ಣ ಕೇಸಿನ ಸಮನ್ಸ್ ಕಾಗದವನ್ನು ಸುಮ್ನೆ ಸರಳವಾಗಿ ಬರೆದರು. ತಾರೀಖು, ಜಾಗ ಮೇಲ್ಗಡೆ ಎದ್ದು ಕಾಣುವ ಹಾಗೆ. ತಾರೀಖಿಗೆ ತಪ್ಪಿಸುವವರು 13% ಕಡಿಮೆ ಆದರು. ಮೊಬೈಲಿಗೆ ನೆನಪಿನ ಸಂದೇಶ ಕಳಿಸಿದಾಗ 21% ಕಡಿಮೆ. 2020ರಲ್ಲಿ ಪ್ರಕಟವಾದ ಅಧ್ಯಯನ. ಅಂದರೆ ಬಹಳ ಜನ ಓಡಿಹೋಗುವುದಲ್ಲ, ಮರೆತುಬಿಡುತ್ತಾರೆ ಅಥವಾ ಕಾಗದವೇ ತಿಳಿಯುವುದಿಲ್ಲ. ಡೊಂಬಿವಲಿ ಅಕ್ಕ ಹೇಳಿದ್ದು ಇದನ್ನೇ.

ಇನ್ನೊಂದು. ಪ್ರೊಬೇಷನ್ ಎಲ್ಲಿ ಹುಟ್ಟಿತು ಗೊತ್ತಾ ಕಾಕಾ? 1841ರಲ್ಲಿ ಬಾಸ್ಟನ್‌ನಲ್ಲಿ. ಜಾನ್ ಅಗಸ್ಟಸ್ ಅನ್ನುವ ಚಪ್ಪಲಿ ಹೊಲಿಯುವವನು ಕೋರ್ಟಿನಲ್ಲಿ ಒಬ್ಬ ಕುಡುಕನನ್ನು ನೋಡಿ "ಇವನಿಗೆ ನಾನು ಜಾಮೀನು" ಅಂತ ಎದ್ದು ನಿಂತ. ಮುಂದೆ ಸುಮಾರು 2,000 ಜನಕ್ಕೆ ಹಾಗೆ ನಿಂತ. ಅವನು ಅಧಿಕಾರಿ ಅಲ್ಲ, ನಿಮ್ಮ ಹಾಗೆ ಅಂಗಡಿ ಇಟ್ಟುಕೊಂಡ ಮನುಷ್ಯ.

ವಾಘೋಲಿ ಖಾನಾವಳಿ · ಭಾನುವಾರ ರಾತ್ರಿ 11:15

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಜಾಮೀನು ನಿಂತಾಗ ನನ್ನ ಹೆಂಡತಿ "ನಮಗ್ಯಾಕೆ ಬೇಕು" ಅಂದಿದ್ದಳು. ನಾಳೆ ಅವಳಿಗೂ ಓದಿ ಹೇಳುತ್ತೇನೆ.

ಪಿಂಪ್ರಿ ಫಿಟ್ಟರ್ · ಸೋಮವಾರ ಬೆಳಿಗ್ಗೆ 6:50

ಹೊಸ ಕಾನೂನಿನಲ್ಲಿ ಸಮುದಾಯ ಸೇವೆ ಬಂದಿದೆ ಅಂತಾರಲ್ಲ. ಹಾಜರಿ ತಪ್ಪಿದವರಿಗೆ ಅದನ್ನೇ ಕೊಡಬಹುದಾ?

ಶಿವಾಜಿನಗರ ವಕೀಲ · ಸೋಮವಾರ ಬೆಳಿಗ್ಗೆ 8:05

ಒಳ್ಳೆಯ ಯೋಚನೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಒಂದು ಶಿಕ್ಷೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನ, ಮೊದಲ ತಪ್ಪು, ಮಾಲು ಅಥವಾ ಅದರ ಬೆಲೆ ವಾಪಸು ಕೊಟ್ಟಿದ್ದಾನೆ ಅಂದರೆ ಅದೇ ಶಿಕ್ಷೆ. ಆದರೆ 1958ರ ಕಾಯ್ದೆಯ ಕಲಂ 9ಕ್ಕೆ ಅದನ್ನು ಸೇರಿಸಿಲ್ಲ. ಸೇರಿಸಬೇಕು. ನನ್ನನ್ನು ಕೇಳಿದರೆ ಕಲಂ 9 ಹೀಗೆ ಇರಬೇಕು: ಮೊದಲು ಜಾಮೀನುದಾರನಿಗೂ ಅವನಿಗೂ ನೋಟಿಸ್, ಕಾರಣ ಕೇಳುವುದು, ಬೇಕಾದರೆ ಷರತ್ತು ಬದಲಿಸುವುದು. ಆಮೇಲೂ ತಪ್ಪಿದರೆ ಕೆಲವು ರವಿವಾರ ಸಮುದಾಯ ಸೇವೆ, ಅಥವಾ ಅವನ ಗಳಿಕೆಗೆ ತಕ್ಕ ದಂಡ. ವಾರಂಟು ನಿಜವಾಗಿ ತಲೆಮರೆಸಿಕೊಂಡವನಿಗೆ. ಮೂಲ ಶಿಕ್ಷೆ ಹೊಸ ಅಪರಾಧ ಮಾಡಿದವನಿಗೆ, ಇಲ್ಲವೇ ಎಷ್ಟು ಹೇಳಿದರೂ ಕೇಳದವನಿಗೆ. ವಿಚಾರಣೆಗೆ ಮೊದಲು ಒಳಗೆ ಇಡಲೇಬೇಕಾದರೆ ಕಾರಣ ಬರೆಯಬೇಕು, ಎರಡು ಮೂರು ದಿನದಲ್ಲಿ ವಿಚಾರಣೆ ಮುಗಿಯಬೇಕು.

ಕಾಯ್ದೆ ತಿದ್ದುವುದು ಸಂಸತ್ತಿನ ಕೆಲಸ, ಕಾಲ ಹಿಡಿಯುತ್ತದೆ. ಆದರೆ ಇದರ ಅರ್ಧ ಇವತ್ತೇ ಮಾಡಬಹುದು. ವಾರಂಟೋ ಸಮನ್ಸೋ, ಕಸ್ಟಡಿಯೋ ಜಾಮೀನೋ ಅನ್ನುವ ಆಯ್ಕೆ ನ್ಯಾಯಾಧೀಶರ ಕೈಯಲ್ಲೇ ಇದೆ.

ಹಡಪ್ಸರ್ ಅಂಗಡಿ · ಸೋಮವಾರ ಬೆಳಿಗ್ಗೆ 10:25

ಈ ಮೆಟ್ಟಿಲಿಗೆ ನನ್ನ ಒಪ್ಪಿಗೆ ಇದೆ. ಒಂದು ಸೇರಿಸಿ. ನಷ್ಟ ಆದವನಿಗೂ ತಿಳಿಸಬೇಕು. ಪ್ರೊಬೇಷನ್ ಕೊಟ್ಟರು, ಷರತ್ತು ಬದಲಿಸಿದರು, ಹಾಜರಿ ತಪ್ಪಿತು, ಇದರಲ್ಲಿ ಒಂದೂ ನಮಗೆ ಗೊತ್ತಾಗುವುದಿಲ್ಲ. ನಮ್ಮನ್ನು ಮರೆತರೆ ಸಿಟ್ಟು ಬರುತ್ತದೆ, ಆ ಸಿಟ್ಟಿನಲ್ಲಿ ಎಲ್ಲರನ್ನೂ ಒಳಗೆ ಹಾಕಿ ಅನ್ನುತ್ತೇವೆ. ಆ ಸೈಟಿನವರಿಗೆ ಪ್ಲೇಟಿನ ದುಡ್ಡು ಸಿಕ್ಕಿತಾ?

ಶಿವಾಜಿನಗರ ವಕೀಲ · ಸೋಮವಾರ ಬೆಳಿಗ್ಗೆ 10:40

ಖಂಡಿತ ಸೇರಿಸೋಣ. ಕಲಂ 5ರಲ್ಲಿ ಪ್ರೊಬೇಷನ್ ಕೊಡುವಾಗಲೇ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗೆ ಇದೆ.

ಚಾಕಣ ಸೆಂಟ್ರಿಂಗ್ · ಸೋಮವಾರ ರಾತ್ರಿ 9:30

ನಾನೇ ಆ ಹುಡುಗ. ಕಾಕಾ ಇದನ್ನು ತೋರಿಸಿದರು. ಬರೆಯಲು ಸರಿಯಾಗಿ ಬರುವುದಿಲ್ಲ, ರೂಮಿನ ಗೆಳೆಯ ಬರೆದುಕೊಡುತ್ತಿದ್ದಾನೆ.

ಅಂಗಡಿ ಅಣ್ಣಾ, ಪ್ಲೇಟಿನ ದುಡ್ಡು ಮೂರು ಕಂತಿನಲ್ಲಿ ಕೊಟ್ಟಿದ್ದೇನೆ. ಕದ್ದದ್ದು ತಪ್ಪೇ.

ಒಳಗೆ ಹೊಡೆತ ಬಡಿತ ಏನೂ ಇರಲಿಲ್ಲ. ಆದರೆ ಅವ್ವನನ್ನು ಮತ್ತೆ ಆಸ್ಪತ್ರೆಗೆ ತೋರಿಸುವ ದಿನ ನಾನು ಒಳಗಿದ್ದೆ. ಅವಳಿಗೆ ನಾನು ಎಲ್ಲಿದ್ದೇನೆ ಅಂತ ಗೊತ್ತಿರಲಿಲ್ಲ. ಮಗ ಮತ್ತೆ ಕದ್ದ ಅಂತ ಊರಲ್ಲಿ ಮಾತಾಯಿತು. 50 ರೂಪಾಯಿ ದಂಡ ಅಂತ ಈಗ ಯಾರಿಗೆ ಹೇಳಿದರೂ ನಂಬುವುದಿಲ್ಲ. ಅಷ್ಟಕ್ಕೆ ಯಾರು ಜೈಲಿಗೆ ಹಾಕುತ್ತಾರೆ ಅನ್ನುತ್ತಾರೆ.

ಈಗ ಬೇರೆ ಮುಕಾದಮನ ಹತ್ತಿರ ಕೆಲಸ ಸಿಕ್ಕಿದೆ. ಅದೂ ಚಾಕಣವೇ. ಹಾಜರಿ ಮತ್ತೆ ಕೆಲಸದ ದಿನವೇ ಬರುತ್ತದೆ. ಎರಡನೇ ಸಲ ತಪ್ಪಿದರೆ 50 ರೂಪಾಯಿಯೂ ಇಲ್ಲ ಅಂತ ವಕೀಲ ಸರ್ ಬರೆದಿದ್ದು ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಶಿವಾಜಿನಗರ ವಕೀಲ · ಸೋಮವಾರ ರಾತ್ರಿ 9:55

ಹೆದರಬೇಡಪ್ಪಾ. ಮೂರು ಕೆಲಸ ಮಾಡು. ನಾಳೆಯೇ ಹೊಸ ವಿಳಾಸವನ್ನು ಬರೆದು ಅಧಿಕಾರಿಗೆ ಕೊಡು, ಇನ್ನೊಂದು ಪ್ರತಿಯ ಮೇಲೆ ತಲುಪಿದೆ ಅಂತ ಸಹಿ ಹಾಕಿಸಿಕೋ. ಹಾಜರಿಯ ದಿನವನ್ನು ನಿನ್ನ ವಾರದ ರಜೆಯ ಹತ್ತಿರ ಬರುವ ಹಾಗೆ ಬದಲಿಸಲು ಕಲಂ 8ರ ಪ್ರಕಾರ ಕೋರ್ಟಿಗೆ ಅರ್ಜಿ ಕೊಡಿ ಅಂತ ಅವರನ್ನೇ ಕೇಳು. ವಕೀಲರ ಖರ್ಚಿಗೆ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳು, ಸಹಾಯವಾಣಿ 15100. ಈ ಕೇಸಿಗೆ ನಾನು ಬರುತ್ತೇನೆ, ಫೀಸು ಬೇಡ.

ಡೊಂಬಿವಲಿ ಅಕ್ಕ · ಸೋಮವಾರ ರಾತ್ರಿ 10:10

ಮಗಾ, ಮುಚ್ಚಳಿಕೆಯ ಫೋಟೊ ತೆಗೆದು ಕಾಕಾನ ಕೈಯಲ್ಲಿ ನನಗೆ ಕಳಿಸು. ಒಂದೊಂದು ಷರತ್ತನ್ನೂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತೇನೆ. ಅದನ್ನೇ ನೋಡಿಕೊಂಡು ಎಲ್ಲರಿಗೂ ಆಗುವ ಒಂದು ಹಾಳೆ ಮಾಡೋಣ: ಪ್ರೊಬೇಷನ್ ಅಂದರೆ ಏನು, ಊರಿಗೆ ಹೋಗಬೇಕಾದರೆ ಯಾರಿಗೆ ಹೇಳಬೇಕು, ಹಾಜರಿ ತಪ್ಪಿದರೆ ಮರುದಿನ ಏನು ಮಾಡಬೇಕು. ಹೆದರಿ ಅಡಗಿ ಕೂರಬೇಡಿ ಅಂತ ಮೊದಲ ಸಾಲಿನಲ್ಲೇ ಹಾಕುತ್ತೇನೆ.

ಹಡಪ್ಸರ್ ಅಂಗಡಿ · ಸೋಮವಾರ ರಾತ್ರಿ 10:20

ಹಾಳೆ ನಾನು ಅಚ್ಚು ಹಾಕಿಸಿ ಕೊಡುತ್ತೇನೆ. ಎಷ್ಟು ಬೇಕು?

ವಾಘೋಲಿ ಖಾನಾವಳಿ · ಸೋಮವಾರ ರಾತ್ರಿ 11:00

500 ಸಾಕು ಅಣ್ಣಾ. ವಾಘೋಲಿ, ಚಾಕಣ, ಹಿಂಜವಡಿ ಕಡೆಯ ಕ್ಯಾಂಪುಗಳಿಗೆ ಊಟದ ಡಬ್ಬಿಯ ಜೊತೆ ಕಳಿಸುತ್ತೇನೆ. ಹುಡುಗನ ಮುಂದಿನ ಹಾಜರಿ 12ಕ್ಕೆ. ಅವತ್ತು ಬೆಳಿಗ್ಗೆ ಏಳಕ್ಕೆ ನನ್ನ ಗಾಡಿ ಚಾಕಣದಲ್ಲಿ ಇರುತ್ತದೆ. ವಕೀಲರೇ, ವಿಳಾಸ ಬದಲಾದ ಅರ್ಜಿಯಲ್ಲಿ ಜಾಮೀನುದಾರನ ಸಹಿಯೂ ಬೇಕಾ?

ಶಿವಾಜಿನಗರ ವಕೀಲ · ಮಂಗಳವಾರ ಬೆಳಿಗ್ಗೆ 7:10

ಇದ್ದರೆ ಒಳ್ಳೆಯದು. ನಿಮ್ಮ ಫೋನ್ ನಂಬರನ್ನು ಮತ್ತೊಮ್ಮೆ ದಪ್ಪಕ್ಷರದಲ್ಲಿ ಬರೆಯಿರಿ. "ಹಾಜರಿ ತಪ್ಪಿದರೆ ಮೊದಲು ಈ ನಂಬರಿಗೆ ತಿಳಿಸಬೇಕಾಗಿ ವಿನಂತಿ" ಅಂತ ಕೆಳಗೆ ಒಂದು ಸಾಲು ಸೇರಿಸಿ. ಮರಾಠಿಯಲ್ಲಿ ನಾನು ಬರೆದು ಕೊಡುತ್ತೇನೆ.